ಪಿಯಾನೊ ಶ್ರುತಿ ಮಾಡುವವನು ಹೇಳಿದ್ದು

ತಿಂಗಳ ಮೊದಲ ಮಂಗಳವಾರ
ಕ್ಲೀವ್‌ಲ್ಯಾಂಡಿನ ಟ್ರ್ಯಾಮ್ ಇಳಿದು, ಒಂದು ಮೈಲಿ ನಡೆದು
ಈರಿ ಸರೋವರದ ದಂಡೆಯ ಆ ಮನೆಗೆ ಹೋಗುತ್ತಿದ್ದೆ.
ಎರಡು ಡಾಲರು, ಹಿಂಬಾಗಿಲಲ್ಲಿ ಒಂದು ಲೋಟ ಕಾಫಿ.
ಯಾರೂ ನುಡಿಸದ ಪಿಯಾನೊ ಅದು.
ನುಡಿಸದಿದ್ದರೂ ಶ್ರುತಿ ಕೆಡುತ್ತದೆ, ಗೊತ್ತಲ್ಲ,
ಸುಮ್ಮನಿರುವುದಕ್ಕೂ ತಂತಿ ಬಿಗಿಯಾಗಿಯೇ ಇರಬೇಕು.

ಮಿಸ್ಟರ್ ಹಾಲ್‌ಬ್ರೂಕ್, ಬಾತ್‌ಟಬ್ಬಿನ ದೊರೆ.
ಅರ್ಧ ಓಹಾಯೊ ಅವನ ಬಿಳಿ ಎನಾಮಲಿನೊಳಗೆ
ಕಾಲು ಚಾಚಿ ಮೈ ನೆನೆಸುತ್ತಿತ್ತು.
ಹುಟ್ಟಿದ್ದು ಬಾಸ್ಟನ್ನಿನಲ್ಲಂತೆ, ಅಜ್ಜ ಹಡಗಿನ ಕ್ಯಾಪ್ಟನ್ನಂತೆ.
ಮೆಟ್ಟಿಲ ಪಕ್ಕ ತೂಗುವ ಆ ಅಜ್ಜನ ಬೆನ್ನಿಗೆ
ಹರಾಜಿನ ಚೀಟಿ ಇನ್ನೂ ಅಂಟಿಕೊಂಡಿದೆಯೆಂದು
ಅಡುಗೆಯ ಡೆಲ್ಫೀನ್ ಪಿಸುಗುಟ್ಟಿದ್ದಳು: ನಂಬರ್ ನಲವತ್ತೊಂದು.

ನನಗೇನು? ನನ್ನ ಕಿವಿಗೆ ಬೇಕಾದ್ದು ತಂತಿ ಮಾತ್ರ.
ಆದರೆ ಒಂದು ಮಾರ್ಚಿ ಬೆಳಿಗ್ಗೆ
ಒಳಗಿನ ಸುತ್ತಿಗೆಗಳನ್ನು ನೋಡಲೆಂದು ಅವನು ಬಾಗಿದ,
ಮುಚ್ಚಳ ಜಾರಿ ಬೆರಳ ಮೇಲೆ ಬಿತ್ತು.
ಬಾಯಿಂದ ಹಾರಿದ ಬೈಗುಳ ಬಾಸ್ಟನ್ನಿನದಲ್ಲ.
ನಮ್ಮಮ್ಮ ಮೇಕೆಗೆ ಬೈಯುತ್ತಿದ್ದ ಮಾತು,
ಸ್ಲೊವಾಕ್ ಬೆಟ್ಟದಾಚೆಯ ಮೂರೇ ಮೂರು ಹಳ್ಳಿಗಳ ಮಾತು.

ಬೆರಳು ಬಾಯಲ್ಲಿಟ್ಟು ನನ್ನನ್ನೇ ನೋಡಿದ,
ಸಕ್ಕರೆ ಕದ್ದು ಸಿಕ್ಕಿಬಿದ್ದ ಹುಡುಗನಂತೆ.
ನಾನು ಏನೂ ಕೇಳಲಿಲ್ಲ.
ನಡುವಿನ ಸ್ವರವೊಂದನ್ನು ಸುಮ್ಮಸುಮ್ಮನೆ ಒತ್ತುತ್ತ ಕೂತೆ.
ಆಮೇಲೆ ಕಿಟಕಿಗೆ ಮುಖ ಮಾಡಿ ಅವನೇ ಶುರುಮಾಡಿದ,
ನಮ್ಮ ಭಾಷೆಯಲ್ಲಿ, ತುಕ್ಕು ಹಿಡಿದ ಬೀಗ ತೆಗೆದಂತೆ:
ಮಾತೂಷ್. ಹ್ರೋಬಾಕ್. ಯಂಗ್ಸ್‌ಟೌನಿನ ಕುಲುಮೆ ಕೇರಿ.
ಅಪ್ಪ ಸತ್ತಾಗ ಎಷ್ಟು ತೊಳೆದರೂ
ಉಗುರಸಂದಿಯ ಮಸಿ ಹೋಗಲಿಲ್ಲ,
ಹಾಗೇ ಹೂಳಿದೆವು.

ಮತ್ತೆ ಅವಳ ಮಾತು. ಅಡೆಲೈನ್, ಪಾದ್ರಿಯ ಮಗಳು.
ಇವನು ಅವರ ನೆಲಮಾಳಿಗೆಗೆ ಕಲ್ಲಿದ್ದಲು ಹಾಕುವ ಹುಡುಗ.
ಮೇಲೆ ಅವಳು ನುಡಿಸುತ್ತಿದ್ದಾಗ
ಇವನಿಗೆ ಕೇಳುತ್ತಿದ್ದದ್ದು ಹಲಗೆಯಾಚೆ
ಪೆಡಲು ಒತ್ತುವ ಅವಳ ಪಾದ. ಧಪ್. ಧಪ್.
ಬುಟ್ಟಿ ಖಾಲಿಯಾದರೆ ಹೊರಡಬೇಕಲ್ಲ,
ಅದಕ್ಕೇ ಮೆಲ್ಲಗೆ ಸುರಿಯುತ್ತಿದ್ದೆ, ಅಂದ,
ಒಂದೊಂದೇ ಸಲಿಕೆ.

ಏನಾದರೂ ಆಗಿ ಬಾ, ಎಂದಿದ್ದಳಂತೆ ಒಂದು ದಿನ.
ಹದಿಮೂರು ವರ್ಷ ಆಗುತ್ತಲೇ ಹೋದ.
ಆಗಿ ಮುಗಿಸುವಷ್ಟರಲ್ಲಿ
ಅವಳು ಟೊಲೀಡೊದ ದಂತವೈದ್ಯನ ಹೆಂಡತಿ.

ಬಂದಳು, ಒಂದೇ ಸಲ. ನಾನಿದ್ದೆ ಅಂದು,
ಬೆಳಗಾಗುತ್ತಲೇ ಕಾರು ಕಳಿಸಿ ಕರೆಸಿಕೊಂಡಿದ್ದ.
ಜೊತೆಗೆ ಮುಂದಿನ ಹಲ್ಲು ಬಿದ್ದ ಮಗಳು.
ಕೈಚೀಲ ಪಿಯಾನೊದ ಮೇಲಿಟ್ಟು
'ನುಡಿಸೋದು ಬಿಟ್ಟು ಎಷ್ಟೋ ವರ್ಷವಾಯ್ತು
ಹಾಲ್‌ಬ್ರೂಕ್ ಅವರೇ' ಎಂದಳು.

ಹಾಲ್‌ಬ್ರೂಕ್ ಅವರೇ.
ತಾನೇ ಕೊಂಡು ತೊಟ್ಟ ಹೆಸರು
ಆ ಬಾಯಿಂದ ಇಷ್ಟು ತಣ್ಣಗೆ ಬಂದೀತೆಂದು ಎಣಿಸಿರಲಿಲ್ಲ.
ಮಗು ಒಂದೇ ಮನೆಯನ್ನು ಟಿಂ ಟಿಂ ಎಂದು
ಒತ್ತುತ್ತಲೇ ಇತ್ತು, ತಾಯಿ ಕೈ ಹಿಡಿಯುವ ತನಕ.
ಹೊರಡುವಾಗ ಬಾತ್‌ಟಬ್ಬಿನ ಬೆಲೆ ವಿಚಾರಿಸಿದಳು,
ಪರಿಚಯದವರಿಗೆ ಏನಾದರೂ ಕಡಿಮೆ ಮಾಡುತ್ತೀರಾ, ಎಂದು.
ಪುಕ್ಕಟೆಯಾಗಿ ಎರಡು ಕಳಿಸಿದ.
ನನಗೆ ಮುಂದಿನ ಮಂಗಳವಾರವೂ ಬಾ ಎಂದ.

ಇಪ್ಪತ್ತೊಂಬತ್ತರ ಚಳಿಗೆ ಬ್ಯಾಂಕುಗಳು ಬಾಗಿಲು ಹಾಕಿದವು,
ಸ್ನಾನ ಯಾರಿಗೆ ಬೇಕಿತ್ತು?
ಕುರ್ಚಿ ಹೋಯಿತು, ಕನ್ನಡಿ ಹೋಯಿತು,
ಕ್ಯಾಪ್ಟನ್ ಅಜ್ಜ ಮತ್ತೊಂದು ನಂಬರು ಹೊತ್ತು ಹೋದ.
ಪಿಯಾನೊ ಒಯ್ಯಲು ಲಾರಿ ಮಧ್ಯಾಹ್ನ ಬರುವುದಿತ್ತು.
ಚಿಲ್ಲರೆ ಎಣಿಸಿ ಎರಡು ಡಾಲರು ಕೊಟ್ಟ.
ಶ್ರುತಿ ಮಾಡಿ ಮುಗಿಸಿದೆ. ಏಳುವಾಗ ತಡೆದ:
ನೀನು ನುಡಿಸಬೇಡ, ಪೆಡಲು ಮಾತ್ರ ಒತ್ತು, ಎಂದು
ಕೋಟು ಕಳಚಿಟ್ಟು ನೆಲಮಾಳಿಗೆಗೆ ಇಳಿದ.

ನನಗೆ ನುಡಿಸಲು ಬರುವುದೂ ಇಲ್ಲ.
ಒತ್ತಿದೆ. ಬಿಟ್ಟೆ. ಒತ್ತಿದೆ.
ಖಾಲಿ ಮನೆಯಲ್ಲಿ ಧಪ್ ಎಂಬುದು ಎಷ್ಟು ದೊಡ್ಡ ಸದ್ದು.
ಸ್ವಲ್ಪ ಹೊತ್ತಿಗೆ ಕೆಳಗಿನಿಂದ
ಸಲಿಕೆ ಕಲ್ಲಿದ್ದಲಿಗೆ ತಾಗಿದ್ದು ಕೇಳಿಸಿತು.
ಮೆಲ್ಲಗೆ, ತೀರಾ ಮೆಲ್ಲಗೆ,
ಬುಟ್ಟಿ ಬೇಗ ಖಾಲಿಯಾಗದ ಹಾಗೆ.