ಎರಡು ಸ್ಟಾಪು

ಡುಲೂತಿನಲ್ಲಿ ಫೆಬ್ರವರಿ ಅಂದರೆ
ಬೆಳಕು ಹರಿಯುವ ಮೊದಲೇ ಎರಡು ಸಲ ಬೀದಿ ಗುಡಿಸಿರುತ್ತೇನೆ,
ಲಾರಿಯ ಮೂತಿಗೆ ಕಟ್ಟಿದ ಕಬ್ಬಿಣದ ಹಲಗೆಯಲ್ಲಿ.
ಅವತ್ತು ಅದೇ ಬೂಟಿನಲ್ಲಿ ಶಾಲೆಗೆ ಹೋದೆ.
ಕೊಟ್ಟದ್ದು ಒಂದನೇ ಕ್ಲಾಸಿನ ಕುರ್ಚಿ,
ಮಂಡಿ ಗಲ್ಲಕ್ಕೆ ತಾಗುವಂಥದು.
ಮೇಜಿನ ಆಚೆ ಏಳು ಜನ.
ಈಚೆ ನಾನು, ಪಕ್ಕದಲ್ಲಿ ವರ್ನೆಟ್ಟಾ ಪಿಕೆನ್ಸ್.

ವರ್ನೆಟ್ಟಾ ವಕೀಲೆಯಲ್ಲ.
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಮಗಳಿಗಾಗಿ ಅಡುಗೆಮನೆಯಲ್ಲಿ ಕೂತು ಕಾನೂನು ಓದಿಕೊಂಡಳು.
ಮಗಳು ದೊಡ್ಡವಳಾಗಿ ಹೋದಳು, ಓದಿದ್ದು ಮಿಕ್ಕಿತು.
ಈಗ ಕಂಡವರ ಮಕ್ಕಳಿಗೆ ಬಡಿಸುತ್ತಾಳೆ.
ಹಿಂದಿನ ರಾತ್ರಿ ನನಗೆ ಹೇಳಿಕೊಟ್ಟದ್ದು ಇಷ್ಟೇ:
ಅಳು ಬಂದರೆ ನೀರು ಕುಡಿ.
‘ದಯವಿಟ್ಟು’ ಅನ್ನಬೇಡ,
‘ಅದನ್ನು ಬರೆದುಕೊಳ್ಳಿ’ ಅನ್ನು.

ನನ್ನ ಐನೊಗೆ ಒಂಬತ್ತು ವರ್ಷ.
ಅದಿರಿನ ಹಡಗು ನೀರಲ್ಲಿ ಎಷ್ಟು ತಗ್ಗಿದೆ ಅಂತ ನೋಡಿ
ಹೊಟ್ಟೆಯೊಳಗೆ ಎಷ್ಟು ಟನ್ನು ಅಂತ ಹೇಳುತ್ತಾನೆ,
ಸುಳ್ಳಾದರೆ ಕೇಳಿ.
ಅದೇ ಕೈಗೆ ಪೆನ್ಸಿಲು ಕೊಟ್ಟರೆ
ಒಂದು ಸಾಲಿಗೆ ನಲವತ್ತು ನಿಮಿಷ.
ಅಷ್ಟರಲ್ಲಿ ಹಾಳೆ ಹರಿದಿರುತ್ತದೆ,
ಅಗಿದು ಅಗಿದು ಅಂಗಿಯ ಕಾಲರು ಒದ್ದೆಯಾಗಿರುತ್ತದೆ.

“ಜಾಣ ಹುಡುಗ. ಜಾಣನಿಗೆ ಯಾಕೆ ಸಹಾಯ?” ಅಂದರು ಪ್ರಿನ್ಸಿಪಾಲ್ ಹ್ಯಾಲ್ವರ್ಸನ್.
ಇನ್ನೊಬ್ಬರು ಸೋಮಾರಿ ಅಂದರು,
ಅದಕ್ಕೊಂದು ಮೆತ್ತನೆಯ ಪದ ಹುಡುಕಿ.
“ಸರಾಸರಿ ತೆಗೆದರೆ ಸರಿಯಾಗೇ ಇದ್ದಾನಲ್ಲ.”

ನಾನು ನೀರು ಕುಡಿದೆ.

ವರ್ನೆಟ್ಟಾ ಕನ್ನಡಕ ತೆಗೆದು ಒರೆಸಿಕೊಂಡಳು, ಅವಸರವಿಲ್ಲದೆ.
“ಬೆಟ್ಟದ ಮೇಲಿನ ಸ್ಟಾಪಿನಲ್ಲಿ ಒಂದು ಮಗು,
ಕೆಳಗೆ ಬಂದರಿನ ಹತ್ತಿರ ಒಂದು.
ನಾನು ಸರಾಸರಿ ತೆಗೆದು ನಡುದಾರಿಯಲ್ಲಿ ಬಸ್ಸು ನಿಲ್ಲಿಸಿದರೆ
ಯಾರು ಹತ್ತುತ್ತಾರೆ, ಹೇಳಿ?
ಇವನೊಬ್ಬನೇ ಆ ಎರಡು ಸ್ಟಾಪಿನಲ್ಲೂ ಕಾಯುತ್ತಿದ್ದಾನೆ.”

ಕೊಠಡಿ ಕಾಯಿಸುವ ಕೊಳವೆ ಗೊಳಗೊಳ ಅಂದಿತು. ಬೇರೆ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಬಂತು, ಹಲ್ಲು ಕಿತ್ತ ಹಾಗೆ ಒಂದೊಂದೇ:
ಬರೆಯಲು ಕೀಬೋರ್ಡು.
ಪರೀಕ್ಷೆಗೆ ಹೆಚ್ಚು ಹೊತ್ತು. ಬಾಯಲ್ಲಿ ಉತ್ತರ ಹೇಳಬಹುದು.
ಗಣಿತಕ್ಕೆ ಮಾತ್ರ ಆರನೇ ಕ್ಲಾಸಿಗೆ.
ಗದ್ದಲ ಹೆಚ್ಚಾದಾಗ ಹೋಗಿ ಕೂರಲು ಒಂದು ಕೋಣೆ ಕೇಳಿದೆವು,
ಅದು ಆಗಲಿಲ್ಲ. ಕೋಣೆ ಇಲ್ಲವಂತೆ.
“ಇಲ್ಲ ಅಂದದ್ದನ್ನೂ ಬರೆದುಕೊಳ್ಳಿ” ಅಂದೆ.
ಹಲಗೆ ಟಾರನ್ನು ಕೆರೆದ ಹಾಗಿತ್ತು ನನ್ನ ದನಿ.
ವರ್ನೆಟ್ಟಾ ಮೇಜಿನ ಕೆಳಗೆ ನನ್ನ ಬೂಟನ್ನು ಮೆಲ್ಲನೆ ಒದ್ದಳು,
ಭೇಷ್ ಅನ್ನುವಂತೆ.

ಹೊರಗೆ, ಕಾರಿನಲ್ಲಿ, ಅರ್ಧ ಸ್ಯಾಂಡ್‌ವಿಚ್ ನನಗೆ ಕೊಟ್ಟಳು.
“ಇದು ಬರೀ ಕಾಗದ. ಮಾಡಿಸುವುದು ಇನ್ನೂ ಇದೆ.”
ಎಷ್ಟು ಕೊಡಬೇಕು ಅಂತ ಕೇಳಿದೆ.
“ಹಿಮ ಬಿದ್ದಾಗ ನನ್ನ ಬೀದಿ ಮೊದಲು ಗುಡಿಸು.”

ಐನೊ ಒಂದೇ ಪ್ರಶ್ನೆ ಕೇಳಿದ:
“ಆ ಏಳು ಜನರಲ್ಲಿ ಹಡಗು ನಿಂತು ನೋಡಿದವರು ಎಷ್ಟು ಮಂದಿ?”
ಅದನ್ನು ನಾನು ಕೇಳಿರಲಿಲ್ಲ.

ಬುಧವಾರ ಮಂಡಿಯುದ್ದ ಬಿತ್ತು.
ನಾಲ್ಕು ಗಂಟೆಗೆ, ನನ್ನ ದಾರಿಯಲ್ಲದ ಅವಳ ಬೀದಿಗೆ ಲಾರಿ ತಿರುಗಿಸಿದೆ.
ಅಡುಗೆಮನೆಯ ದೀಪ ಉರಿಯುತ್ತಿತ್ತು.
ಮೇಜಿನ ಮೇಲೆ ದಪ್ಪನೆಯ ಫೈಲು, ಬಾಗಿದ ತಲೆ.
ಯಾರ ಮಗುವೋ.