ಅಂತಃಪಟ

ಕೂತುಕೋ, ಚಹಾ ಆರುತ್ತೆ.
ಅಷ್ಟು ದೂರ ಲಾನ್ಸೆಸ್ಟನ್ನಿನಿಂದ ಬಸ್ಸಿನಲ್ಲಿ
ಆ ಫೈಲನ್ನು ಎದೆಗವಚಿಕೊಂಡು ಬಂದಿದ್ದೀ.
ಅದರಲ್ಲಿ ನನ್ನ ಹೆಸರು ಹೇಗೆ ಸೇರಿತೋ.
ನಾನಾಗ ಹತ್ತೊಂಬತ್ತರವಳು, ನರ್ಸ್ ಕೂಡ ಅಲ್ಲ,
ಕಲಿಯುವವಳು. ಬೆಡ್‌ಪ್ಯಾನ್ ತೊಳೆ, ಕಿಟಕಿ ಒರೆಸು,
ದುಪ್ಪಟಿ ಹಿಡಿ.

ಹೌದು, ಅದೂ ಒಂದು ಕೆಲಸ.

ಮದುವೆಯಾದವರ ಹೆರಿಗೆಗೆ ಬೇಕಿರಲಿಲ್ಲ.
ಬೆರಳಲ್ಲಿ ಉಂಗುರವಿಲ್ಲದವರಿಗೆ ಮಾತ್ರ.
ಮಗುವಿನ ತಲೆ ಕಾಣುತ್ತಲೇ
ಇತ್ತ ನಾನು, ಅತ್ತ ಥೆಲ್ಮಾ,
ಎರಡೆರಡು ಮೂಲೆ ಹಿಡಿದು
ತಾಯಿಯ ಹೊಟ್ಟೆಗಡ್ಡ ಗೋಡೆಯ ಹಾಗೆ ಎತ್ತಬೇಕು.
ನೋಡಿದರೆ ಮರೆಯುವುದು ಕಷ್ಟ, ಅನ್ನುತ್ತಿದ್ದಳು ಮೇಟ್ರನ್,
ನೋಡದಿದ್ದರೆ ಬಸ್ಸು ತಪ್ಪಿದ ಹಾಗೆ, ಅಷ್ಟೆ.
ಕನಿಕರದಿಂದಲೇ ಅನ್ನುತ್ತಿದ್ದಳು. ಅದನ್ನೂ ಹೇಳಬೇಕು.

ನಿನ್ನ ತಾಯಿಗೆ ಅಲ್ಲಿ ಹೆಸರಿರಲಿಲ್ಲ.
ಏಳನೇ ಹಾಸಿಗೆ.
ಕೋರಲ್ ಎಂಬುದನ್ನು
ಇವತ್ತು ನಿನ್ನ ಬಾಯಲ್ಲೇ ಮೊದಲು ಕೇಳಿದ್ದು.
ಹ್ಯೂಅನ್ ಕಣಿವೆಯವಳು,
ಶೆಡ್ಡಿನಲ್ಲಿ ಸೇಬು ಪ್ಯಾಕು ಮಾಡಿದ ಕೈ.
ಆರು ತಿಂಗಳಾದಾಗ ತಂದು ಬಿಟ್ಟ ಅಪ್ಪ
ಕಾರಿನ ಇಂಜಿನ್ ಕೂಡ ಆರಿಸಲಿಲ್ಲ.
ಊರಿಗೆ ಹೇಳಿದ್ದು: ಮೆಲ್ಬರ್ನಿನಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆ.
ಅವಳಿದ್ದದ್ದು ನಮ್ಮದೇ ನೆಲಮಾಳಿಗೆಯ ಲಾಂಡ್ರಿಯಲ್ಲಿ.
ನಾನು ಎತ್ತಿ ಹಿಡಿದ ದುಪ್ಪಟಿಯನ್ನೂ
ಅವಳೇ ಒಗೆದು, ಗಂಜಿ ಹಾಕಿ, ಮಡಚಿಟ್ಟಿರಬೇಕು.

ಅರವತ್ತಾರರ ಜುಲೈ. ಬೆಟ್ಟದ ಮೇಲೆ ಹಿಮ.
ಬಂದೆ ನೀನು, ಅಳುತ್ತಾ.
ಅವಳು ಒಂದೇ ಮಾತು ಕೇಳಿದಳು: ಗಂಡೋ ಹೆಣ್ಣೋ?
ಯಾರೂ ಹೇಳಲಿಲ್ಲ.
ನನ್ನ ಬಾಯಲ್ಲಿ ಉತ್ತರವಿತ್ತು,
ಅವಳ ಕಿವಿಗೆ ಮೊಳದಷ್ಟು ದೂರ.
ನುಂಗಿದೆ.

ಐದನೇ ದಿನ ಸಹಿ.
ಹಾಲು ಬತ್ತಿಸುವ ಮಾತ್ರೆ, ಎದೆಗೆ ಬಿಗಿದ ಪಟ್ಟಿ.
ಆದರೂ ಕಾರಿಡಾರಿನಾಚೆ ಯಾವ ಮಗು ಅತ್ತರೂ
ಅವಳ ಅಂಗಿ ಒದ್ದೆ.
ತನ್ನದು ಯಾವುದೆಂದು ಮೈಗೆ ಗೊತ್ತಿಲ್ಲ ನೋಡು,
ಎಲ್ಲಕ್ಕೂ ಒಸರುತ್ತಿತ್ತು.

ಫೈಲಿನ ಕೊನೆಯ ಪುಟದಲ್ಲಿ ಅವಳು ತೀರಿಕೊಂಡ ತಾರೀಖಿದೆ,
ಫೋಟೋಗಳನ್ನೆಲ್ಲ ತಂಗಿ ಸುಟ್ಟಳಂತೆ.
ಅದಕ್ಕೇ ನನ್ನನ್ನು ಕೇಳುತ್ತೀ:
ಹೇಗಿದ್ದಳು? ನಾನು ಯಾರ ಹಾಗೆ?
ದುಪ್ಪಟಿಯ ಎರಡೂ ಬದಿ ಕಂಡವರು ನೀವೊಬ್ಬರೇ.
ಎಷ್ಟು ಚೆನ್ನಾಗಿ ಹೇಳಿದೆ.
ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದೆಯಾ?

ಸುಳ್ಳು ಹೇಳಬಹುದು ನಾನು.
ಕೆಂಚು ಕೂದಲು, ನಕ್ಕರೆ ಗುಳಿ.
ಮನೆಗೆ ಒಯ್ದು ಕನ್ನಡಿ ಮುಂದೆ ನಿಲ್ಲುತ್ತೀ.
ನಿಜವೆಂದರೆ ನಾನು ಅವಳ ಮುಖ ನೋಡಲೇ ಇಲ್ಲ.
ನೋಡಿದರೆ ಕೈ ಇಳಿದೀತೆಂದು
ಬಟ್ಟೆಯ ಅಂಚನ್ನೇ ನೋಡುತ್ತಿದ್ದೆ.
ಕೆಂಪು ದಾರದ ಹೊಲಿಗೆ, ನಂಬರು ನಲವತ್ತೊಂದು.
ಅದು ಇನ್ನೂ ಕಣ್ಣಲ್ಲಿದೆ. ಮುಖವಿಲ್ಲ.

ಪಾದ ಇದೆ.
ದುಪ್ಪಟಿಯ ಈಚೆ ಉಳಿದದ್ದು ಅವೆರಡೇ,
ಬೆಲ್ಟಿನಲ್ಲಿ ಬಿಗಿದ ಪಾದ.
ಬಲಗಾಲಿನ ಎರಡನೇ ಬೆರಳು
ಹೆಬ್ಬೆರಳನ್ನು ದಾಟಿ, ತುದಿಯಲ್ಲಿ ಒಂಚೂರು ಹೊರಳಿ,
ಯಾರನ್ನೋ ಇಣುಕುತ್ತಿರುವ ಹಾಗೆ.

ಐವತ್ತೆರಡು ವರ್ಷ.
ಬೀಚಿನಲ್ಲಿ, ಈಜುಕೊಳದಲ್ಲಿ, ಚಪ್ಪಲಿ ಅಂಗಡಿಯಲ್ಲಿ
ನಾನು ಜನರ ಮುಖ ನೋಡುವುದಿಲ್ಲ.

ಏಕೆ ಎದ್ದೆ?

ಓ.

ಕೂತೇ ಬಿಚ್ಚು. ಅವಸರವೇನಿಲ್ಲ.
ಲೇಸು ಕಗ್ಗಂಟಾಗಿದೆ, ನಿನ್ನ ಕೈ ಬೇರೆ ನಡುಗುತ್ತಿದೆ.
ಬಿಡು, ನಾನು ಬಿಡಿಸುತ್ತೇನೆ.
ಕಾಲು ಈಚೆ ನೀಡು.