ಉಗುರು

ಕಾರವಾರದ ಚಳಿ ಎಷ್ಟು ಮಹಾ?
ಬಚ್ಚಲ ಗೂಡಿನ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ
ಹೆಪ್ಪುಗಟ್ಟಿ ಹೊರಗೆ ಬರಲೊಲ್ಲದು, ಅಷ್ಟೇ.
ಆದರೂ ಈ ಸಲ ಹಿತ್ತಲ ಸೀತಾಫಲ
ಒಂದೆಲೆಯೂ ಉಳಿಸಿಕೊಳ್ಳದೆ ನಿಂತಿತು,
ಕಾಳಿಯ ಮೇಲಿಂದ ಬೀಸುವ ಬೆಳಗಿನ ಗಾಳಿಗೆ
ಕಟಕಟ ಎನ್ನುತ್ತ.

ದಿನಾ ಹಲ್ಲುಜ್ಜುತ್ತ ಹೋಗಿ
ಉಗುರಿಂದ ತೊಗಟೆ ಕೆರೆಯುವುದು.
ಒಳಗೆ ಹಸಿರು ಕಂಡರೆ ಚಹಕ್ಕೆ ನೀರಿಡುವುದು.
ಕಾಣದಿದ್ದರೆ ಇನ್ನೊಂದು ಟೊಂಗೆ.

ರಾತ್ರಿಯೂ ಇದೇ ಕೆಲಸ.
ಮಂಗಳೂರಿನಲ್ಲಿ ಎದೆ ಕೊಯ್ಸಿಕೊಂಡು ಬಂದ
ಉಮಾಕಾಂತನ ಮೂಗಿನ ಹತ್ತಿರ
ಬೆರಳು ಹಿಡಿದು ಕೂರುವುದು.
ಕತ್ತಲಲ್ಲೇ ಆತ, 'ಇದ್ದೇನೆ ಮಾರಾಯ್ತಿ, ಮಲಗು.'

ನಿನ್ನೆ ಸೊಪ್ಪು ಮಾರಲು ಬಂದ ಬುದವಂತಿ
ಬುಟ್ಟಿ ಇಳಿಸಿ, ಗಿಡ ನೋಡಿ, ನನ್ನ ನೋಡಿ,
'ಇಲಿ ಬತ್ತದ್ಯಾ ಅಮ್ಮಾ? ಮೈತುಂಬ ಗಾಯ' ಅಂದಳು.
ಕೈ ಸೆರಗಿನಲ್ಲಿ ಅಡಗಿಸಿದೆ.

ಇವತ್ತು ಎಣ್ಣೆ ಬಾಟಲಿ ಅಲುಗಾಡಿಸಿದರೆ
ಗುಳಕ್ ಎಂದಿತು.
ಪಕ್ಕದ ಕಂಪೌಂಡಿನ ಗೇರುಹೂವಿನ ವಾಸನೆ
ಒಣಮೀನಿನ ವಾಸನೆಯ ಜೊತೆ ಜಗಳವಾಡುತ್ತ ಒಳಗೆ ಬಂತು.
ಸೀತಾಫಲದ ಹತ್ತಿರ ಹೋದೆ,
ಕೈ ಹಿಂದೆ ಕಟ್ಟಿಕೊಂಡು.
ನಾನು ಕೆರೆದ ಕಡೆ ಏನೂ ಇಲ್ಲ.
ಬುಡದಲ್ಲಿ, ಪಾತ್ರೆ ತೊಳೆದ ನೀರು ಹರಿಯುವಲ್ಲಿ,
ಎಂದೂ ಬಗ್ಗಿ ನೋಡದಲ್ಲಿ,
ಬೆಕ್ಕಿನ ಮರಿಯ ಕಿವಿಯಷ್ಟು
ಎರಡು ಎಲೆ.

ಜಗುಲಿಯಿಂದ ಉಮಾಕಾಂತ ಕೂಗುತ್ತಿದ್ದ,
ಉಪ್ಪಿಲ್ಲದ ಗಂಜಿಗೆ ಬೈಯುತ್ತ, ನನಗೂ, ಡಾಕ್ಟರಿಗೂ.
ಬೈಯಲಿ ಎಂದು
ಸ್ವಲ್ಪ ಹೊತ್ತು ಅಲ್ಲೇ ಕೂತೆ.